ಬೀಗ ಹಾಕಿದ ಮನೆಯ ಮುಂದೆ ಮೊದಲು ಕೇಳಬೇಕಾದ ಪ್ರಶ್ನೆ: ಕೋಲಾರದ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೋಲಾರ ಜಿಲ್ಲೆ.

ವಿಷಯ: ಮಕ್ಕಳ ರಕ್ಷಣೆಯ ಕೆಲಸದಲ್ಲಿ ಸಂಕಷ್ಟದ ಕುಟುಂಬಗಳಿಗೆ ಮೊದಲು ನೆರವು ಸಿಗಬೇಕೆಂಬ ಕೋರಿಕೆ.

ಮಾನ್ಯರೇ,

ನಾನು ಈ ಜಿಲ್ಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳ ರಕ್ಷಣೆಯ ಕೆಲಸ ಮಾಡಿದವಳು. ಮೊದಲು ಒಂದು ಸ್ವಯಂಸೇವಾ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತೆಯಾಗಿ, ಆಮೇಲೆ ಗುತ್ತಿಗೆಯ ಮೇಲೆ ಸಮಾಜ ಕಾರ್ಯಕರ್ತೆಯಾಗಿ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಮತ್ತು ಕೆಜಿಎಫ್ ತಾಲ್ಲೂಕುಗಳಲ್ಲಿ ನೂರಾರು ಮನೆಗಳ ಹೊಸ್ತಿಲು ದಾಟಿದ್ದೇನೆ. ಈಗ ಕೆಲಸದಿಂದ ಬಿಡುಗಡೆಯಾಗಿದೆ. ಈ ಪತ್ರ ಯಾವ ಕಚೇರಿಯ ಮೇಲಿನ ದೂರೂ ಅಲ್ಲ. ಇದರಲ್ಲಿ ತಪ್ಪು ಎಂದು ಬರುವ ಮುಖ್ಯ ಸಂಗತಿ ನಾನೇ ಮಾಡಿದ್ದು. ಆದರೆ ನಾನು ಮಾಡಿದ ತಪ್ಪನ್ನು ಇವತ್ತು ಕೆಲಸಕ್ಕೆ ಸೇರಿದ ಹುಡುಗಿಯೂ ಮಾಡುವ ಸಾಧ್ಯತೆ ಹಾಗೆಯೇ ಉಳಿದಿದೆ ಎಂಬ ಕಾರಣಕ್ಕೆ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬಾಲ ನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಜಿಲ್ಲೆಯ ಮಕ್ಕಳ ವಿಷಯದಲ್ಲಿ ಜಿಲ್ಲಾಧಿಕಾರಿಗಳ ಹೊಣೆ ಹೆಚ್ಚಾಗಿದೆ ಎಂಬುದು ತಮಗೆ ತಿಳಿದೇ ಇದೆ. ರಕ್ಷಣೆ ಬೇಕಾದ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ತಾವು ಪರಾಮರ್ಶಿಸುತ್ತೀರಿ. ಅಂಥ ಸಭೆಗಳಿಗಾಗಿ ಅಂಕಿಅಂಶದ ತಃಖ್ತೆಗಳನ್ನು ನಾನೂ ವರ್ಷಗಟ್ಟಲೆ ತಯಾರಿಸಿದ್ದೇನೆ: ಎಷ್ಟು ಕರೆ ಬಂದವು, ಎಷ್ಟು ಮಕ್ಕಳನ್ನು ಹಾಜರುಪಡಿಸಲಾಯಿತು, ಎಷ್ಟು ಮಕ್ಕಳನ್ನು ಬಾಲಮಂದಿರಕ್ಕೆ ದಾಖಲಿಸಲಾಯಿತು, ಎಷ್ಟು ಮಂದಿ ಮನೆಗೆ ಮರಳಿದರು. ಈ ಎಲ್ಲ ಕಾಲಂಗಳ ಮೊದಲಿಗೆ ಇನ್ನೊಂದು ಕಾಲಂ ಸೇರಿಸಿ ಎಂದು ಕೇಳುವುದಕ್ಕೇ ಈ ಪತ್ರ. ಮಗುವನ್ನು ಮನೆಯಿಂದ ಕರೆತರುವ ಮುನ್ನ ಆ ಮನೆಗೆ ಯಾವ ನೆರವನ್ನು ಕೊಟ್ಟು ನೋಡಲಾಯಿತು? ಅಪಾಯ ಕಣ್ಣೆದುರಿಗೇ ಇದ್ದು, ನೆರವು ಕೊಟ್ಟು ನೋಡುವಷ್ಟು ಕಾಲಾವಕಾಶವಿರಲಿಲ್ಲ ಎಂದಾದರೆ ಅದನ್ನಾದರೂ ಬರೆದಿಡಲಿ.

ಹೀಗೆ ಕೇಳುವುದಕ್ಕೆ ಕಾರಣವಾದ ಒಂದು ಪ್ರಕರಣವನ್ನು ಹೇಳಬೇಕು. ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಬಹಿರಂಗವಾಗದಂತೆ ಕಾಪಾಡುತ್ತದೆ. ಆದ್ದರಿಂದ ಹೆಸರನ್ನಾಗಲಿ ಬೀದಿಯನ್ನಾಗಲಿ ಬರೆಯುವುದಿಲ್ಲ, ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ.

2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಅನ್ನದ ದಾರಿ ಬೆಂಗಳೂರಿನ ರೈಲಾಯಿತು. ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ಗಾಡಿಯಲ್ಲಿ ಒಮ್ಮೆ ಪ್ರಯಾಣ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಎಂದು ನಿಲ್ದಾಣದಿಂದ ನಿಲ್ದಾಣಕ್ಕೆ ತುಂಬಿಕೊಳ್ಳುತ್ತಾ ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದರಲ್ಲಿ ಹೋಗುವವರು ಅಪಾರ್ಟ್‌ಮೆಂಟ್‌ಗಳಲ್ಲಿ ಕಸ ಮುಸುರೆ ಮಾಡುವ ಹೆಂಗಸರು, ಆಸ್ಪತ್ರೆಗಳ ಆಯಾಗಳು, ಗಾರ್ಮೆಂಟ್ಸ್‌ನವರು, ಸೆಕ್ಯುರಿಟಿಯವರು. ರಾತ್ರಿ ಒಂಬತ್ತು ಗಂಟೆಗೆ ಮನೆ ಸೇರಿದರೆ ಅದು ಬೇಗ ಬಂದಂತೆ.

ಅಂಥ ಒಬ್ಬ ತಾಯಿ ಒಂಬತ್ತು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಲೈನ್ ಮನೆಯೊಳಗೆ, ಅಂದರೆ ಗಣಿ ಕಾರ್ಮಿಕರ ಸಾಲುಮನೆಯೊಳಗೆ, ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಗಂಡ ಎರಡು ವರ್ಷದ ಹಿಂದೆಯೇ ಮನೆ ಬಿಟ್ಟಿದ್ದ. ಪಕ್ಕದ ಮನೆಯವರು ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರು. ನಾವು ಹೋದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಬೀಗ ಒಡೆಸಿದೆವು. ಒಳಗೆ ಮುಚ್ಚಿಟ್ಟ ಅನ್ನವಿತ್ತು, ಬಿಂದಿಗೆಯಲ್ಲಿ ನೀರಿತ್ತು, ಒಗೆದು ಮಡಿಚಿದ ಬಟ್ಟೆಯಿತ್ತು, ಸೀಮೆಎಣ್ಣೆಯ ಸ್ಟೌವನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿಟ್ಟಿತ್ತು. ಇವೆಲ್ಲವನ್ನೂ ನಾನು ನೋಡಿದೆ. ಆದರೆ ಇವುಗಳಲ್ಲಿ ಒಂದನ್ನೂ ವರದಿಯಲ್ಲಿ ಬರೆಯಲಿಲ್ಲ. ಬೀಗವನ್ನು ಮಾತ್ರ ಬರೆದೆ. ಫಾರಂ 22ರ ಸಾಮಾಜಿಕ ತನಿಖಾ ವರದಿಯಲ್ಲಿ ಕುಟುಂಬದ ಸ್ಥಿತಿಯನ್ನು ಕೇಳುವ ಜಾಗದಲ್ಲಿ 'ತಾಯಿಯ ನಿರ್ಲಕ್ಷ್ಯ' ಎಂದು ಎರಡೇ ಪದ ಬರೆದು ಸಹಿ ಹಾಕಿದೆ.

ಮಕ್ಕಳನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅದನ್ನು ಚಾಚೂ ತಪ್ಪದೆ ಮಾಡಿದೆವು. ಸಮಿತಿಗೆ ನನ್ನ ವರದಿಯೇ ಕಣ್ಣು. ನಾನು ಕಾಣಿಸಿದಷ್ಟನ್ನೇ ಅವರು ಕಂಡರು. ನಮ್ಮ ಸಂಸ್ಥೆಗಳು ವಯಸ್ಸು ಮತ್ತು ಲಿಂಗದ ಪ್ರಕಾರ ಬೇರೆಬೇರೆ ಇರುವುದರಿಂದ ಹುಡುಗಿ ಬಾಲಕಿಯರ ಬಾಲಮಂದಿರಕ್ಕೆ ಹೋದಳು, ಹುಟ್ಟಿದಾಗಿನಿಂದ ಅಕ್ಕನ ಮಗ್ಗುಲಲ್ಲೇ ಮಲಗಿದ್ದ ಆ ಹುಡುಗ ಶಿಶುಮಂದಿರಕ್ಕೆ ಹೋದ. ತಾಯಿ ರಾತ್ರಿ ಬಂದು ಖಾಲಿ ಮನೆ ನೋಡಿದಳು. ಮಕ್ಕಳನ್ನು ಮರಳಿ ಪಡೆಯಲು ಆಕೆಗೆ ಹನ್ನೊಂದು ವಾರ ಬೇಕಾಯಿತು. ಪ್ರತಿ ವಿಚಾರಣೆಗೂ ಸುಮಾರು 30 ಕಿಲೋಮೀಟರ್ ದೂರದ ಕೋಲಾರಕ್ಕೆ ಬರಬೇಕು. ಬಂದ ದಿನದ ಸಂಬಳ ಇಲ್ಲ. ನಾಲ್ಕನೆಯ ಸಲ ರಜೆ ಕೇಳಿದಾಗ ಬೆಂಗಳೂರಿನ ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ಮಕ್ಕಳು ಮನೆಗೆ ಬಂದಾಗ ಆಕೆಯ ಕೆಲಸ ಹೋಗಿತ್ತು, ಸಂಘದ ಸಾಲದ ಕಂತು ಬಾಕಿ ಬಿದ್ದಿತ್ತು, ಅಕ್ಕಪಕ್ಕದವರೊಡನೆ ಮಾತು ನಿಂತಿತ್ತು. ಯಾರು ಕರೆ ಮಾಡಿದರೆಂದು ಗೊತ್ತಿಲ್ಲದ ಕಾರಣ ಆಕೆ ಎಲ್ಲರನ್ನೂ ಅನುಮಾನಿಸಿದಳು; ಮೊದಲು ಕಿಟಕಿಯಿಂದ ಇಣುಕಿ ಮಕ್ಕಳನ್ನು ಮಾತನಾಡಿಸುತ್ತಿದ್ದ ಒಬ್ಬಿಬ್ಬರೂ ದೂರವಾದರು. ಅಂದರೆ ಆ ಮಕ್ಕಳು ನಮ್ಮ ರಕ್ಷಣೆಗೆ ಮೊದಲು ಇದ್ದುದಕ್ಕಿಂತ ಹೆಚ್ಚು ಒಂಟಿಯಾದರು.

ಬೀಗ ಹಾಕುವುದು ಸರಿ ಎಂದು ನಾನು ಹೇಳುತ್ತಿಲ್ಲ. ಬೆಂಕಿ ಹೊತ್ತಿಕೊಂಡಿದ್ದರೆ ಆ ಎರಡು ಮಕ್ಕಳು ಹೊರಗೆ ಬರುವ ದಾರಿಯಿರಲಿಲ್ಲ, ಮತ್ತು ತಮ್ಮನನ್ನು ನೋಡಿಕೊಳ್ಳಲು ಹುಡುಗಿ ಶಾಲೆ ಬಿಟ್ಟಿದ್ದಳು. ಕರೆ ಮಾಡಿದವರು ಮಾಡಬೇಕಾದ್ದನ್ನೇ ಮಾಡಿದರು. ತಪ್ಪಿದ್ದು ಆಮೇಲಿನ ನಮ್ಮ ಹೆಜ್ಜೆ. 'ಯಾಕಮ್ಮಾ ಬೀಗ ಹಾಕ್ತೀಯಾ?' ಎಂದು ಆಕೆಯನ್ನು ಕೇಳಿದ್ದು ಎರಡು ವಾರದ ನಂತರ. 'ಬೀದಿಯಲ್ಲಿ ಕುಡುಕರು ಓಡಾಡ್ತಾರಲ್ಲಮ್ಮಾ, ಹೆಣ್ಣುಮಗು' ಎಂದಳು. ಬೀಗವೇ ಆಕೆಗೆ ತಿಳಿದಿದ್ದ ಮಕ್ಕಳ ರಕ್ಷಣೆ. ಕೊನೆಗೆ ಆ ಮನೆಯನ್ನು ನಿಲ್ಲಿಸಿದ್ದು ಬಹಳ ಸಣ್ಣ ಏರ್ಪಾಡು. ನಾಲ್ಕು ಮನೆಯಾಚೆ ಒಬ್ಬ ಗಣಿ ಕಾರ್ಮಿಕರ ವಿಧವೆ ಅಜ್ಜಿ ಇದ್ದರು. ನಸುಕಿನಿಂದ ಶಾಲೆ ಅಂಗನವಾಡಿ ತೆರೆಯುವವರೆಗೆ, ಮತ್ತೆ ಸಂಜೆಯಿಂದ ರಾತ್ರಿಯವರೆಗೆ ಮಕ್ಕಳನ್ನು ತಮ್ಮ ಮನೆಯಲ್ಲಿ ಇರಿಸಿಕೊಳ್ಳಲು ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿಗೆ ಒಪ್ಪಿದರು. ಮುಖ್ಯ ಶಿಕ್ಷಕರು ಹುಡುಗಿಯನ್ನು ಮತ್ತೆ ತರಗತಿಗೆ ಕೂರಿಸಿದರು. ಅದಕ್ಕೆ ನನ್ನ ಎರಡು ಸಂಜೆ ಹಿಡಿಯಿತು. ಆ ಎರಡು ಸಂಜೆಯನ್ನು ಮೊದಲ ವಾರದಲ್ಲೇ ಕೊಟ್ಟಿದ್ದರೆ ಹನ್ನೊಂದು ವಾರ ಬೇಕಾಗುತ್ತಿರಲಿಲ್ಲ.

ಕಾನೂನು ಈ ವಿಷಯದಲ್ಲಿ ನನಗಿಂತ ಸ್ಪಷ್ಟವಾಗಿತ್ತು. ಬಾಲ ನ್ಯಾಯ ಕಾಯ್ದೆ 2015ರ 3ನೇ ಕಲಂ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದೆಂದೂ ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಕ್ರಮವೆಂದೂ ಹೇಳುತ್ತದೆ. ಬರಿಯ ಬಡತನದ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡಕೂಡದು, ಆ ಬಡತನವನ್ನು ಕುಟುಂಬಕ್ಕೆ ನೆರವು ಬೇಕೆಂಬ ಸೂಚನೆಯಾಗಿ ಕಾಣಬೇಕು ಎಂದು ವಿಶ್ವಸಂಸ್ಥೆ 2009ರಲ್ಲಿ ಒಪ್ಪಿದ ಪರ್ಯಾಯ ಪಾಲನೆಯ ಮಾರ್ಗಸೂಚಿ ತಿಳಿಸುತ್ತದೆ. ಇವನ್ನು ನಾನು ತರಬೇತಿಗಳಲ್ಲಿ ಓದಿದ್ದೆ, ಬೇರೆಯವರಿಗೆ ಪಾಠವನ್ನೂ ಮಾಡಿದ್ದೆ. ಬೀಗದ ಮುಂದೆ ನಿಂತಾಗ ನೆನಪಾಗಲಿಲ್ಲ. ಅವಸರದಲ್ಲಿರುವ ಕಾರ್ಯಕರ್ತೆಗೆ ತತ್ವ ನೆನಪಾಗುವುದಿಲ್ಲ, ಫಾರಂನ ಕಾಲಂ ನೆನಪಾಗುತ್ತದೆ; ಅದಕ್ಕಾಗಿಯೇ ಕಾಲಂ ಸೇರಿಸಿ ಎಂದು ಕೇಳುತ್ತಿದ್ದೇನೆ.

ಇನ್ನು ನೆರವು ಎಂದರೆ ಏನು ಎಂಬ ಪ್ರಶ್ನೆ. ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ವಿಧವೆಯರ, ಪರಿತ್ಯಕ್ತೆಯರ ಮಕ್ಕಳು, ಹೆತ್ತವರನ್ನು ಕಳೆದುಕೊಂಡು ಅಜ್ಜಿತಾತನ ಆಶ್ರಯದಲ್ಲಿರುವ ಮಕ್ಕಳು, ಮಾರಕ ಕಾಯಿಲೆಯವರ ಮಕ್ಕಳು ಇದಕ್ಕೆ ಅರ್ಹರು. ಮಗುವನ್ನು ಮನೆಯಲ್ಲೇ ಉಳಿಸಲು ನಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ಇದೇ ಎಂದು ನಾನು ನಂಬುತ್ತೇನೆ. ಆದರೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಭಾಗದಲ್ಲಿ 72,000, ನಗರದಲ್ಲಿ 96,000 ರೂಪಾಯಿ. ತಿಂಗಳ ಲೆಕ್ಕದಲ್ಲಿ ಹಳ್ಳಿಯಲ್ಲಿ ಆರು ಸಾವಿರ, ಪಟ್ಟಣದಲ್ಲಿ ಎಂಟು ಸಾವಿರ. ರೈಲು ಹತ್ತಿ ಹೋಗಿ ಮೂರು ಮನೆ ಕೆಲಸ ಮಾಡಿ ಒಂಬತ್ತು ಸಾವಿರ ತರುವ ತಾಯಿ ಈ ಗೆರೆಯ ಆಚೆ ನಿಲ್ಲುತ್ತಾಳೆ. ದುಡಿಯದೆ ಮನೆಯಲ್ಲಿದ್ದರೆ ಮಕ್ಕಳಿಗೆ ಹಣ ಸಿಗುತ್ತದೆ, ದುಡಿಯಲು ಹೋದರೆ ಹಣವೂ ಇಲ್ಲ, ಮಕ್ಕಳನ್ನು ನೋಡಿಕೊಳ್ಳುವವರೂ ಇಲ್ಲ. ಈ ಮಿತಿಯನ್ನು ಬದಲಿಸುವುದು ಜಿಲ್ಲಾಡಳಿತದ ಕೈಯಲ್ಲಿಲ್ಲ. ಆದರೆ ಕೋಲಾರದಂಥ ಜಿಲ್ಲೆಯಲ್ಲಿ ಅದು ಯಾರನ್ನು ಹೊರಗಿಡುತ್ತಿದೆ ಎಂದು ಸರ್ಕಾರಕ್ಕೆ ಬರೆಯಬಲ್ಲವರು ತಾವೇ.

ತಮ್ಮ ಕೈಯಲ್ಲಿರುವುದು ದಾಖಲೆಯ ತೊಡಕನ್ನು ಬಿಡಿಸುವುದು. ಗಂಡ ಸತ್ತಿದ್ದರೆ ಮರಣ ಪ್ರಮಾಣಪತ್ರವಿರುತ್ತದೆ. ಬಿಟ್ಟು ಹೋದ ಗಂಡನಿಗೆ ಯಾವ ಪ್ರಮಾಣಪತ್ರವಿದೆ? ನಾಡಕಚೇರಿಯಲ್ಲಿ ಆದಾಯ ಪತ್ರಕ್ಕೆ ಅರ್ಜಿ ಹಾಕಿದರೆ ಪಡಿತರ ಚೀಟಿಯಲ್ಲಿ ಇನ್ನೂ ಅವನ ಹೆಸರೇ ಇರುತ್ತದೆ. ಅಂಥ ಹೆಂಗಸರಿಗೆ ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಆಡಳಿತ ಅಧಿಕಾರಿ ಮತ್ತು ಸಮಾಜ ಕಾರ್ಯಕರ್ತೆ ಸೇರಿ ಮಾಡುವ ಸ್ಥಳ ಮಹಜರನ್ನೇ ಸಾಕ್ಷ್ಯವಾಗಿ ಒಪ್ಪುವ ಸೂಚನೆಯೊಂದು ತಮ್ಮ ಕಚೇರಿಯಿಂದ ಹೊರಟರೆ ಎಷ್ಟೋ ಅರ್ಜಿಗಳು ಚಲಿಸುತ್ತವೆ. ಹಾಗೆಯೇ ಉದ್ಯೋಗ ಖಾತರಿಯ ಕೂಲಿಕಾರ ಮಹಿಳೆಯರ ಚಿಕ್ಕ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಬಂದಿವೆ. ನಸುಕಿನ ರೈಲು ಹಿಡಿಯುವ ಪಟ್ಟಣದ ತಾಯಂದಿರಿಗೆ ಅಂಥದ್ದೊಂದು ಬೇಕು. ಆ ರೈಲಿನ ಹೊತ್ತಿಗೆ ತೆರೆಯುವಂಥದ್ದು. ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ ಕಡೆಯಲ್ಲಿ ನಗರಸಭೆಯ ಮೂಲಕ ಒಂದನ್ನಾದರೂ ಪ್ರಯೋಗವಾಗಿ ನಡೆಸಿ ನೋಡಬಹುದಲ್ಲವೇ?

ಕುಟುಂಬದ ಪರವಾಗಿ ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಮಾತನ್ನು ಅಷ್ಟೇ ಒತ್ತಿ ಹೇಳಬೇಕು. ಮನೆಯೇ ಅಪಾಯವಾಗಿರುವ ಮಕ್ಕಳಿದ್ದಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಚಿಕ್ಕಪ್ಪ, ಮಾವ, ಬಾಡಿಗೆ ಮನೆಯ ಯಜಮಾನ, ಟ್ಯೂಷನ್ ಹೇಳುವವನು. ಅಲ್ಲಿ 'ಮನೆ ಒಡೆಯಬಾರದು' ಎಂಬ ಮಾತು ಮಗುವಿನ ಬಾಯಿ ಮುಚ್ಚಿಸುವ ಕೈಯಾಗುತ್ತದೆ. ಇಂಥ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಶಿಕ್ಷಕರು, ನರ್ಸುಗಳು, ಆಶಾ ಕಾರ್ಯಕರ್ತೆಯರು, ನಾವು ಯಾರೂ ಇದಕ್ಕೆ ಹೊರತಲ್ಲ. ಊರ ಹಿರಿಯರು ಕೂತು ಮುಗಿಸಿದ ಪಂಚಾಯಿತಿ ಇಲ್ಲಿ ಕಾನೂನಲ್ಲ. ಎರಡು ಬಗೆಯ ಮನೆಗಳನ್ನು ಬೇರ್ಪಡಿಸಿ ನೋಡುವುದೇ ನಮ್ಮ ವೃತ್ತಿ, ಮತ್ತು ಅದನ್ನು ಹೊಸ್ತಿಲಾಚೆ ನಿಂತು ಹತ್ತು ನಿಮಿಷದಲ್ಲಿ ಮಾಡಲಾಗುವುದಿಲ್ಲ.

ಇಲ್ಲಿಯೇ ಭಾಷೆಯ ಸಂಗತಿ ಬರುತ್ತದೆ. ಕೋಲಾರ ಹಲವು ಭಾಷೆಯ ಜಿಲ್ಲೆ. ಕೆಜಿಎಫ್‌ನ ಲೈನ್‌ಗಳಲ್ಲಿ ತಮಿಳು, ಮುಳಬಾಗಿಲು ಶ್ರೀನಿವಾಸಪುರದ ಹಳ್ಳಿಗಳಲ್ಲಿ ತೆಲುಗು, ಅಲ್ಲಲ್ಲಿ ಉರ್ದು. ದೊಡ್ಡವರು ಸಂತೆಯಲ್ಲಿ ಕನ್ನಡ ಆಡುತ್ತಾರೆ; ಹೆದರಿದ ಮಗು ಆಡುವುದು ಮನೆಯ ಮಾತನ್ನೇ. ಬೇರೆ ಜಿಲ್ಲೆಯಿಂದ ಬಂದ ಕಾರ್ಯಕರ್ತೆ ಆಗ ಏನು ಮಾಡುತ್ತಾಳೆ? ಅಲ್ಲೇ ನಿಂತಿರುವ ನೆಂಟರನ್ನು 'ಏನು ಹೇಳ್ತಿದೆ ಕೇಳಿ ಹೇಳಿ' ಎನ್ನುತ್ತಾಳೆ. ಒಮ್ಮೆ ಒಂದು ಮಗು ಎರಡೇ ಮಾತು ಹೇಳಿ ಸುಮ್ಮನಾಯಿತು. ಅನುವಾದ ಮಾಡುತ್ತಿದ್ದ ಬಂಧುವಿನ ಹೆಸರೇ ಆ ಎರಡು ಮಾತಿನಲ್ಲಿತ್ತು. ಆತ ಅದನ್ನು 'ಹೊಟ್ಟೆನೋವಂತೆ' ಎಂದು ಕನ್ನಡಕ್ಕೆ ತಂದ. ಜೊತೆಗಿದ್ದ ನನಗೆ ತೆಲುಗು ಬರುತ್ತಿದ್ದುದರಿಂದ ಮಾತ್ರ ಅದು ಗೊತ್ತಾಯಿತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಇಲ್ಲವೇ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ದಾಖಲಿಸಬೇಕೆಂದು ಪೋಕ್ಸೊ 24ನೇ ಕಲಂ ಹೇಳಿದರೆ, ಅರ್ಹ ಭಾಷಾಂತರಕಾರರ ನೆರವು ಪಡೆಯಲು 26ನೇ ಕಲಂ ಅವಕಾಶ ಕೊಡುತ್ತದೆ. ಅವಕಾಶವಿದ್ದರೆ ಸಾಲದು, ರಾತ್ರಿ ಎಂಟು ಗಂಟೆಗೆ ಕರೆದರೆ ಬರುವ ಜನರ ಪಟ್ಟಿ ಠಾಣೆಯಲ್ಲಿರಬೇಕು. ತಮಿಳು, ತೆಲುಗು, ಉರ್ದು ಬಲ್ಲ, ಪರಿಶೀಲನೆಗೆ ಒಳಪಟ್ಟ, ಗೋಪ್ಯತೆಯ ತರಬೇತಿ ಪಡೆದ ಮಹಿಳೆಯರ ಅಂಥ ಪಟ್ಟಿಯನ್ನು ತಾಲ್ಲೂಕುವಾರು ಸಿದ್ಧಪಡಿಸಲು ದೊಡ್ಡ ಅನುದಾನವೇನೂ ಬೇಕಾಗಿಲ್ಲ. ನನಗೆ ಈ ಪತ್ರದಲ್ಲಿ ಒಂದೇ ಬೇಡಿಕೆ ಇಡಲು ಅವಕಾಶವಿದ್ದಿದ್ದರೆ ಬಹುಶಃ ಇದನ್ನೇ ಇಡುತ್ತಿದ್ದೆ.

ಬಾಲ್ಯವಿವಾಹದ ಬಗ್ಗೆ ಸ್ವಲ್ಪ. ಕರ್ನಾಟಕದ ತಿದ್ದುಪಡಿಯಿಂದಾಗಿ ನಮ್ಮಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಆದರೂ ಗಡಿಯ ಹಳ್ಳಿಗಳಲ್ಲಿ ನಾವು ಹೋಗಿ ಮದುವೆ ನಿಲ್ಲಿಸಿ, ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಂಡು, ಫೋಟೊ ತೆಗೆದು ಬಂದ ಮೇಲೆ ಮೂರನೆಯ ವಾರದಲ್ಲಿ ಗಡಿಯಾಚೆಯ ಯಾವುದೋ ದೇವಸ್ಥಾನದಲ್ಲಿ ತಾಳಿ ಬಿದ್ದಿರುತ್ತದೆ. ಕೇಂದ್ರದ 2006ರ ಕಾಯ್ದೆಯ 13ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ಪಡೆದರೆ, ಅದನ್ನು ಮೀರಿ ನಡೆದ ಮದುವೆ 14ನೇ ಕಲಂ ಪ್ರಕಾರ ಅಸಿಂಧು. ಕೇಂದ್ರದ ಕಾಯ್ದೆಯಾದ್ದರಿಂದ ಗಡಿ ದಾಟಿದರೂ ಅದು ಬೆನ್ನು ಬಿಡುವುದಿಲ್ಲ. ಮುಚ್ಚಳಿಕೆಗೆ ತೃಪ್ತರಾಗದೆ ತಡೆಯಾಜ್ಞೆ ಕೇಳುವುದನ್ನು ರೂಢಿಗೆ ತರಬೇಕು. ಆದರೆ ಆಜ್ಞೆ ಹುಡುಗಿಗೆ ಊಟ ಹಾಕುವುದಿಲ್ಲ, ಶಾಲೆಗೆ ಸೇರಿಸುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಎರಡು ವಿಷಯ ಫೇಲಾಗಿ ಮನೆಯಲ್ಲಿ ಕೂತವಳಿಗೆ ಪೂರಕ ಪರೀಕ್ಷೆಯ ಶುಲ್ಕ ಮತ್ತು ಹಾಸ್ಟೆಲಿನಲ್ಲಿ ಒಂದು ಸೀಟು ಅದೇ ವಾರದಲ್ಲಿ ಸಿಕ್ಕರೆ ತಂದೆಯ ಮನಸ್ಸು ತಿರುಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಜೂನ್ ಕಳೆದ ಮೇಲೂ ಇಂಥ ಹುಡುಗಿಯರಿಗಾಗಿ ತಾಲ್ಲೂಕಿಗೆ ಕೆಲವು ಸೀಟು ಕಾಯ್ದಿರಿಸಲು ತಾವು ಇಲಾಖೆಗಳಿಗೆ ಸೂಚಿಸಬಹುದು.

ಕೆಲಸ ಮಾಡುವವರ ಸ್ಥಿತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ತಮಗೆ ಗೊತ್ತಿರುವುದೇ. ಗುತ್ತಿಗೆಯ ನವೀಕರಣದ ಚಿಂತೆಯಲ್ಲಿರುವ, ಬಸ್ಸಿಗೆ ಕಾಯುತ್ತಾ ದಿನ ಕಳೆಯುವ ಹುಡುಗಿಯಿಂದ 15 ದಿನದಲ್ಲಿ ಒಳ್ಳೆಯ ಸಾಮಾಜಿಕ ತನಿಖಾ ವರದಿ ಬೇಕೆಂದರೆ ಆಕೆಗೆ ವಾಹನ ಬೇಕು, ಮತ್ತು ತಿಂಗಳಿಗೊಮ್ಮೆಯಾದರೂ ಅನುಭವಸ್ಥರೊಬ್ಬರು ಆಕೆಯ ಜೊತೆ ಕೂತು 'ಈ ಮನೆಯಲ್ಲಿ ನೀನು ಏನು ನೋಡಿದೆ, ಏನು ಬರೆಯಲಿಲ್ಲ?' ಎಂದು ಕೇಳಬೇಕು. ನನ್ನನ್ನು ಯಾರೂ ಹಾಗೆ ಕೇಳಲಿಲ್ಲ. ಕೇಳಿದ್ದರೆ ಅಟ್ಟದ ಮೇಲಿನ ಆ ಸ್ಟೌವಿನ ವಿಷಯ ಬಾಯಿಗೆ ಬರುತ್ತಿತ್ತೇನೋ.

ಮಕ್ಕಳ ಕಲ್ಯಾಣ ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಅದರಲ್ಲಿ ಎರಡು ದಿನವನ್ನು, ಸಾಧ್ಯವಾದರೆ ಭಾನುವಾರಗಳನ್ನು, ಕೆಜಿಎಫ್‌ನಲ್ಲೇ ನಡೆಸುವ ಸಾಧ್ಯತೆಯನ್ನು ಸಮಿತಿಯೊಡನೆ ಚರ್ಚಿಸಬೇಕೆಂದು ಕೋರುತ್ತೇನೆ. ಮಗುವಿಗಾಗಿ ಬರುವ ತಾಯಿ ಅದಕ್ಕಾಗಿ ಕೆಲಸ ಕಳೆದುಕೊಳ್ಳದಿರಲಿ. ಮನೆಗೆ ಮರಳಿದ ಪ್ರತಿ ಮಗುವಿನ ಮನೆಗೂ ಮೊದಲ ತಿಂಗಳಲ್ಲಿ, ಮೂರನೆಯ ತಿಂಗಳಲ್ಲಿ, ಆರನೆಯ ತಿಂಗಳಲ್ಲಿ ಯಾರು ಹೋಗಿ ಬಂದರು ಎಂಬುದನ್ನೂ ತಮ್ಮ ಮುಂದಿನ ಪರಾಮರ್ಶೆಯಲ್ಲಿ ಕೇಳಿ.

ನನಗೆ ತೆಲುಗು ಮನೆಮಾತು, ತಮಿಳು ಕೆಜಿಎಫ್ ಕಲಿಸಿದ ಮಾತು. ಭಾಷಾಂತರಕಾರರ ಪಟ್ಟಿಯನ್ನು ತಾವು ಸಿದ್ಧಪಡಿಸುವುದಾದರೆ ನನ್ನನ್ನು ಪರಿಶೀಲಿಸಿ ಸೇರಿಸಿಕೊಳ್ಳಿ. ವಾರದಲ್ಲಿ ಮೂರು ದಿನ, ಯಾವ ಹೊತ್ತಿನಲ್ಲಿ ಕರೆದರೂ, ಸಂಭಾವನೆಯಿಲ್ಲದೆ ಬರುತ್ತೇನೆ.

ತಮ್ಮ ವಿಶ್ವಾಸಿ,
ಬಂಗಾರಪೇಟೆಯಿಂದ ಒಬ್ಬ ನಿವೃತ್ತ ಸಮಾಜ ಕಾರ್ಯಕರ್ತೆ